ತ್ರೀಡಿ ಸ್ಲೈಸರ್: ಮಿದುಳಿನ ಗಡ್ಡೆ ಅಳೆಯಲು ಒಳ್ಳೆಯ ಸಾಧನ, ಡೀಫಾಲ್ಟ್‌ಗಳ ಬಗ್ಗೆ ಎಚ್ಚರ

ಎಂಆರ್‌ಐ ಚಿತ್ರದಲ್ಲಿ ಮಿದುಳಿನ ಗಡ್ಡೆಯ ಅಂಚು ಗುರುತಿಸಿ ಗಾತ್ರ ಅಳೆಯಲು ತ್ರೀಡಿ ಸ್ಲೈಸರ್‌ನಷ್ಟು ಸಮರ್ಥವಾದ ಉಚಿತ ತಂತ್ರಾಂಶ ಇನ್ನೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಇದು ಸಂಶೋಧನೆಗಾಗಿ ಇರುವಂಥದ್ದು. ರೋಗನಿರ್ಣಯದ ಮಾತು ರೇಡಿಯಾಲಜಿಸ್ಟ್‌ರದ್ದೇ.

ಕೆಲಸವೆಲ್ಲ ನಡೆಯುವುದು ಚಿತ್ರದ ಭಾಗಗಳನ್ನು ಗುರುತಿಸಿ ಬೇರ್ಪಡಿಸುವ ಸೆಗ್ಮೆಂಟ್ ಎಡಿಟರ್‌ನಲ್ಲಿ. ಹೊಸಬರು ನೇರವಾಗಿ ಥ್ರೆಶೋಲ್ಡ್‌ಗೆ (ಇಂತಿಷ್ಟು ಹೊಳಪಿನ ಭಾಗವನ್ನೆಲ್ಲ ಆರಿಸುವ ಸಾಧನ) ಕೈಹಾಕಿ ಎಡವುತ್ತಾರೆ. ಸಿಟಿ ಸ್ಕ್ಯಾನ್‌ನಲ್ಲಿ ನೀರು ಅಂದರೆ 0 ಎಂಬ ನಿಗದಿತ ಮಾನವಿದೆ. ಎಂಆರ್‌ಐ ಹೊಳಪಿಗೆ ಅಂಥದ್ದೇನೂ ಇಲ್ಲ. ಒಂದು ಸ್ಕ್ಯಾನ್‌ಗೆ ಒಗ್ಗಿದ ಸಂಖ್ಯೆ ಮುಂದಿನದಕ್ಕೆ ಒಗ್ಗುವುದಿಲ್ಲ. ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲು ರಕ್ತನಾಳಕ್ಕೆ ಚುಚ್ಚುವ ದ್ರವ) ಕೊಟ್ಟು ತೆಗೆದ ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಂತೂ ಗಡ್ಡೆಯ ಜೊತೆ ರಕ್ತನಾಳ, ನೆತ್ತಿಯ ಕೊಬ್ಬು ಎಲ್ಲವೂ ಬೆಳಗುತ್ತವೆ.

ಮೊದಲು ಎನ್4 ಮಾಡ್ಯೂಲ್‌ನಿಂದ ಹೊಳಪಿನ ಏರುಪೇರು ಸರಿಪಡಿಸಿ. ಆಮೇಲೆ, ನೀವು ಬಳಿದ ಗುರುತುಗಳಿಂದ ಉಳಿದ ಭಾಗವನ್ನು ತಾನೇ ತುಂಬುವ ‘ಗ್ರೋ ಫ್ರಮ್ ಸೀಡ್ಸ್’ ಬಳಸಿ: ಗಡ್ಡೆಯೊಳಗೆ ಒಂದು ಬಣ್ಣ, ಸುತ್ತಲಿನ ಅಂಗಾಂಶ, ರಕ್ತನಾಳ ಮತ್ತು ತಲೆಬುರುಡೆಗೆ ಇನ್ನೊಂದು ಬಣ್ಣ, ಮೂರೂ ದಿಕ್ಕಿನ ಸ್ಲೈಸ್‌ಗಳಲ್ಲಿ ಬಳಿದು ‘ಇನಿಷಿಯಲೈಸ್’ ಒತ್ತಿ. ಗಡ್ಡೆಯ ಬಣ್ಣ ರಕ್ತನಾಳದೊಳಕ್ಕೆ ಹರಿದರೆ ಅಲ್ಲೇ ಎರಡನೇ ಬಣ್ಣದ ಒಂದು ಗೆರೆ ಎಳೆದರೆ ಸಾಕು, ಮುನ್ನೋಟ ತಾನೇ ಬದಲಾಗುತ್ತದೆ. ಈ ಸೌಲಭ್ಯ ನಿಜಕ್ಕೂ ಸೊಗಸು.

ನಮ್ಮ ತಕರಾರು ಬಿಡಿ ತುಣುಕುಗಳನ್ನು ನಿಭಾಯಿಸುವ ‘ಐಲ್ಯಾಂಡ್ಸ್’ ಬಗ್ಗೆ. ಚೂರುಪಾರು ತೆಗೆಯುವ ಆಯ್ಕೆಯಲ್ಲಿ ಕನಿಷ್ಠ ಗಾತ್ರ 1000 ವಾಕ್ಸೆಲ್ (ಚಿತ್ರದ ಅತಿ ಚಿಕ್ಕ ಘನ ಘಟಕ) ಎಂದು ಮೊದಲೇ ಇಟ್ಟಿದ್ದಾರೆ. 1 ಮಿ.ಮೀ. ವಾಕ್ಸೆಲ್ ಇದ್ದಲ್ಲಿ ಅದು 1 ಘನ ಸೆಂ.ಮೀ. ಅಂದರೆ ಸುಮಾರು 12 ಮಿ.ಮೀ. ಅಡ್ಡಳತೆಯ ಉಂಡೆ. ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್‌ನ ಗಂಟುಗಳು ಎಷ್ಟೋ ಸಲ ಇದಕ್ಕಿಂತ ಚಿಕ್ಕವು. ಒಂದೇ ಕ್ಲಿಕ್ಕಿಗೆ ಮಾಯ! ಅತಿ ದೊಡ್ಡ ತುಣುಕೊಂದನ್ನೇ ಉಳಿಸುವ ‘ಕೀಪ್ ಲಾರ್ಜೆಸ್ಟ್’ ಇನ್ನೂ ಅಪಾಯಕಾರಿ. ಅಂಚು ನುಣುಪಾಗಿಸುವ 3 ಮಿ.ಮೀ. ಮೀಡಿಯನ್ ಸ್ಮೂತಿಂಗ್ ಕೂಡ ಗಡ್ಡೆಯ ಅಂಚಿನ ತೆಳುವಾದ ಹೊಳೆಯುವ ಉಂಗುರವನ್ನು ತಿಂದುಬಿಡುತ್ತದೆ.

ಕಾಂಟ್ರಾಸ್ಟ್ ಹೀರದ ಗ್ಲಯೋಮಾಗೆ (ಮಿದುಳಿನಲ್ಲೇ ಹುಟ್ಟುವ ಒಂದು ಬಗೆಯ ಗಡ್ಡೆ) ಟಿ1 ಸಾಲದು, ಫ್ಲೇರ್ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರ ಬೇಕೇಬೇಕು. ಶಸ್ತ್ರಚಿಕಿತ್ಸೆಯ ನಂತರದ ರಕ್ತವೂ ಟಿ1ನಲ್ಲಿ ಬೆಳ್ಳಗೆ ಕಾಣುವುದರಿಂದ ಕಾಂಟ್ರಾಸ್ಟ್‌ಗೆ ಮುಂಚಿನ ಚಿತ್ರವನ್ನು ಪಕ್ಕಕ್ಕಿಟ್ಟು ಹೋಲಿಸಿ.

ರ‍್ಯಾಮ್ 8 ಜಿಬಿಯಾದರೂ ಇರಲಿ. ಘನಗಾತ್ರವನ್ನು ‘ಸೆಗ್ಮೆಂಟ್ ಸ್ಟ್ಯಾಟಿಸ್ಟಿಕ್ಸ್’ ದಶಾಂಶಗಳ ಸಮೇತ ಕೊಡುತ್ತದೆ. ಸ್ಲೈಸ್ ದಪ್ಪ 5 ಮಿ.ಮೀ. ಇದ್ದರೆ ಚಿಕ್ಕ ಗಡ್ಡೆಯ ವಿಷಯದಲ್ಲಿ ಆ ದಶಾಂಶಗಳಿಗೆ ಬೆಲೆಯಿಲ್ಲ.