ಅಡ್ಡೋನಾ, ಕ್ರೂಗರಾ? ಎರಡು ಸಲ ಕಾರು ಓಡಿಸಿ ನೋಡಿದ ಲೆಕ್ಕ

ದಕ್ಷಿಣ ಆಫ್ರಿಕಾಕ್ಕೆ ನಾವು ಎರಡು ಸಲ ಹೋಗಿ ಬಂದೆವು. ಎರಡು ಸಲವೂ ಆಸೆ ಒಂದೇ. ಸಮುದ್ರ, ವೈನ್ ತೋಟ, ಕಾಡು ಮೂರನ್ನೂ ನಾವೇ ಕಾರು ಓಡಿಸಿಕೊಂಡು ನೋಡಬೇಕು. ಆದರೆ ಹೋದ ದಾರಿ ಬೇರೆ ಬೇರೆ.

ಮೊದಲ ಸಲ ದಸರಾ ರಜೆ. ನಾನು, ಹೆಂಡತಿ, 9 ವರ್ಷದ ಮಗಳು, 68 ವರ್ಷದ ಅಮ್ಮ. ಕೇಪ್ ಟೌನ್‌ನಲ್ಲಿ ಕಾರು ಹತ್ತಿ, ವೈನ್ ಊರುಗಳನ್ನು ದಾಟಿ, ಗಾರ್ಡನ್ ರೂಟ್ ಅನ್ನುವ ದಕ್ಷಿಣ ಕರಾವಳಿ ಕಡೆಯ ದಾರಿ ಹಿಡಿದು, ಅಡ್ಡೋ ಆನೆ ಉದ್ಯಾನ ನೋಡಿ, ಪೋರ್ಟ್ ಎಲಿಜಬೆತ್‌ನಲ್ಲಿ ಕಾರು ಒಪ್ಪಿಸಿ ವಿಮಾನ ಹತ್ತಿದೆವು. ಆ ಊರಿಗೆ 2021ರಿಂದ ಗೆಬೆರ್ಹಾ ಅಂತ ಹೆಸರು. ಸರಿಯಾಗಿ ಹೇಳಬೇಕಾದರೆ ನಾಲಿಗೆಯಲ್ಲಿ ಟಕ್ ಅನ್ನಿಸಬೇಕು, ನನಗಂತೂ ಬರಲಿಲ್ಲ. ಎರಡನೇ ಸಲ ಏಪ್ರಿಲ್ ಕೊನೆ, ನಾವು ಗಂಡ ಹೆಂಡತಿ ಇಬ್ಬರೇ. ಕೇಪ್ ಟೌನ್ ಸುತ್ತಮುತ್ತ ಐದು ದಿನ ಇದ್ದು, ಅಲ್ಲಿಂದ ನೆಲ್‌ಸ್ಪ್ರೂಟ್‌ಗೆ ಹಾರಿ, ಇನ್ನೊಂದು ಕಾರು ತಗೊಂಡು ಕ್ರೂಗರ್ ರಾಷ್ಟ್ರೀಯ ಉದ್ಯಾನ.

ಕೇಳಿದವರಿಗೆಲ್ಲ ಮೊದಲು ಒಂದು ಮಾತು ಹೇಳುತ್ತೇನೆ. ಓಡಿಸುವ ಬಗ್ಗೆ ಹೆದರಬೇಡಿ. ಅಲ್ಲೂ ಎಡಗಡೆಯೇ, ಸ್ಟೀರಿಂಗ್ ಬಲಗಡೆಯೇ. ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಸಾಕು, ಒಂದು ವರ್ಷ ನಡೆಯುತ್ತದೆ. ಕ್ರೆಡಿಟ್ ಕಾರ್ಡ್ ಮಾತ್ರ ಓಡಿಸುವವರ ಹೆಸರಲ್ಲೇ ಇರಲಿ, ಡೆಪಾಸಿಟ್‌ಗೆ ಅದನ್ನೇ ಕೇಳುತ್ತಾರೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ದೋಹಾ ಅಥವಾ ಅಡಿಸ್ ಅಬಾಬಾದಲ್ಲಿ ಇಳಿದು ಹತ್ತಬೇಕು. ಅಡಿಸ್ ಕಡೆಯಿಂದ ಹೋಗುವುದಾದರೆ ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮುಂಚೆಯೇ ಹಾಕಿಸಿಕೊಂಡು, ಅದರ ದಾಖಲೆಯ ಹಳದಿ ಪುಸ್ತಕ ಜೊತೆಗಿಟ್ಟುಕೊಳ್ಳಿ.

ನಮಗೆ ಕಷ್ಟ ಆಗಿದ್ದು ಅವರ ಮರ್ಯಾದೆ. ನಾಲ್ಕು ರಸ್ತೆ ಸೇರುವ ಕಡೆ ಸಿಗ್ನಲ್ ಇಲ್ಲದಿದ್ದರೆ ಎಷ್ಟೋ ಸಲ ನಾಲ್ಕೂ ಕಡೆ ಸ್ಟಾಪ್ ಬೋರ್ಡ್. ಯಾರು ಮೊದಲು ಬಂದು ನಿಂತರೋ ಅವರು ಮೊದಲು ಹೋಗಬೇಕು, ಅಷ್ಟೇ ಕಾನೂನು. ಮೊದಲ ದಿನ ನಾನು ಬನಶಂಕರಿ ಅಭ್ಯಾಸದಲ್ಲಿ ಮೂತಿ ತೂರಿಸಿದೆ. ಉಳಿದ ಮೂರೂ ಕಾರು ಸುಮ್ನೆ ನಿಂತು ನನ್ನನ್ನೇ ನೋಡಿದವು. ಹಾರ್ನ್ ಕೂಡ ಇಲ್ಲ. ಯಾರಾದರೂ ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಹೆದ್ದಾರಿಯಲ್ಲೂ ಹಾಗೇ. ಹಿಂದಿನವರಿಗೆ ಅವಸರ ಇದ್ದರೆ ಮುಂದಿನವರು ಹಳದಿ ಗೆರೆ ದಾಟಿ ಪಕ್ಕಕ್ಕೆ ಸರಿಯುತ್ತಾರೆ. ದಾಟಿ ಹೋದವರು ಹಜಾರ್ಡ್ ಲೈಟ್ ಎರಡು ಸಲ ಮಿಣುಕಿಸಿ ಥ್ಯಾಂಕ್ಸ್ ಹೇಳುತ್ತಾರೆ. ಮೂರನೇ ದಿನಕ್ಕೆ ಮಗಳೇ ಹಿಂದಿನಿಂದ "ಅಪ್ಪಾ, ಥ್ಯಾಂಕ್ಸ್ ಹೇಳು" ಅಂತ ನೆನಪಿಸುತ್ತಿದ್ದಳು. ಕತ್ತಲಾದ ಮೇಲೆ ಮಾತ್ರ ಊರಾಚೆ ಓಡಿಸಬೇಡಿ. ಅಲ್ಲಿಯವರೇ ಬೇಡ ಅನ್ನುತ್ತಾರೆ.

ಈಗ ಸಮುದ್ರ. ಗಾರ್ಡನ್ ರೂಟ್ ಅಂದರೆ ದಾರಿಯುದ್ದಕ್ಕೂ ಸಮುದ್ರ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಮರವಂತೆ ಥರ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಹಾಗಿಲ್ಲ. ಕೇಪ್ ಟೌನ್‌ನಿಂದ ಎನ್2 ಹೆದ್ದಾರಿ ಹಿಡಿದರೆ ಸುಮಾರು 390 ಕಿಲೋಮೀಟರ್ ದೂರದ ಮೊಸೆಲ್ ಬೇ ಬರುವ ತನಕ ಹೆಚ್ಚಾಗಿ ಕಾಣುವುದು ಗೋಧಿ ಹೊಲ. ಅದನ್ನು ತಪ್ಪಿಸೋಣ ಅಂತ ನಾವು ಒಳಗಿನ ರೂಟ್ 62 ಹಿಡಿದೆವು. ಮಾಂಟೆಗ್ಯು, ಬ್ಯಾರಿಡೇಲ್ ಮೇಲೆ ಔಟ್ಸ್‌ಹೋರ್ನ್. ಚಿತ್ರದುರ್ಗ ದಾಟಿದ ಮೇಲೆ ಸಿಗುವಂಥ ಒಣ ಗುಡ್ಡಗಳು, ಆದರೆ ಎರಡು ಪಟ್ಟು ಎತ್ತರ. ಖಾಲಿ ರಸ್ತೆ, ನಡುವೆ ದ್ರಾಕ್ಷಿ ತೋಟ, ಔಟ್ಸ್‌ಹೋರ್ನ್ ಹತ್ತಿರ ಬೇಲಿಯುದ್ದಕ್ಕೂ ಉಷ್ಟ್ರಪಕ್ಷಿ. ಎನ್2ಗಿಂತ ಇದೇ ನೂರು ಪಾಲು ವಾಸಿ. ಅಲ್ಲಿಂದ ಘಾಟಿ ಇಳಿದು ನೈಸ್ನಾ, ಆಮೇಲೆ ಸಿಟ್ಸಿಕಾಮಾ. ಸ್ಟಾರ್ಮ್ಸ್ ನದಿ ಸಮುದ್ರ ಸೇರುವಲ್ಲಿ 77 ಮೀಟರ್ ಉದ್ದದ ತೂಗುಸೇತುವೆ ಇದೆ. ಅಮ್ಮ ನಡುವೆ ನಿಂತು ಕೆಳಗೆ ನೋಡಿ "ಇದೇನೋ, ನೀರು ಕಾಫಿ ಡಿಕಾಕ್ಷನ್ ಥರ ಇದೆ" ಅಂದರು. ನಿಜ, ಮೇಲಿನ ಕಾಡಿನ ಎಲೆ, ಬೇರಿನ ರಸ ಇಳಿದು ನದಿ ನೀರು ಕಂದು.

ಎರಡನೇ ಸಲ ಗಾರ್ಡನ್ ರೂಟ್ ಬಿಟ್ಟೇಬಿಟ್ಟೆವು. ಬದಲಿಗೆ ಕೇಪ್ ಟೌನ್ ಹತ್ತಿರದ ಗೋರ್ಡನ್ಸ್ ಬೇಯಿಂದ ಕರಾವಳಿ ಅಂಚಿನ ಆರ್44 ಹಿಡಿದು ಹರ್ಮಾನಸ್‌ಗೆ ಹೋದೆವು. ಎಡಗಡೆ ಗುಡ್ಡ, ಬಲಗಡೆ ಅಲೆ, ಮಧ್ಯೆ ರಸ್ತೆ. ಮರುದಿನ ಚಾಪ್‌ಮನ್ಸ್ ಪೀಕ್. 9 ಕಿಲೋಮೀಟರ್‌ನಲ್ಲಿ 114 ತಿರುವು, ಟೋಲ್ ಕಟ್ಟಬೇಕು, ಕಟ್ಟಿದ್ದು ವಸೂಲಾಯಿತು. ನಾಲ್ಕು ದಿನದ ಗಾರ್ಡನ್ ರೂಟ್‌ನಲ್ಲಿ ನೋಡಿದ್ದಕ್ಕಿಂತ ಜಾಸ್ತಿ ಸಮುದ್ರವನ್ನು ಒಂದೂವರೆ ದಿನದಲ್ಲಿ ನೋಡಿದೆವು. ಇದನ್ನು ಹೇಳಿದರೆ ಗಾರ್ಡನ್ ರೂಟ್ ಪ್ರೇಮಿಗಳಿಗೆ ಸಿಟ್ಟು ಬರುತ್ತದೆ. ಬರಲಿ. ಅವರಿಗೆ ಇಷ್ಟವಾಗುವುದು ಅಲ್ಲಿನ ಕಾಡು, ಕೊಳ್ಳ, ಸಣ್ಣ ಊರುಗಳು. ಅದು ಬೇಕಾದವರು ಅದಕ್ಕೇ ಹೋಗಲಿ, ಕಡಲಿಗೆ ಅಂತ ಹೋಗಬೇಡಿ. ಹರ್ಮಾನಸ್‌ನಲ್ಲಿ ಒಂದು ನಷ್ಟ ಆಯಿತು. ತಿಮಿಂಗಿಲಗಳು ಬರುವುದು ಜೂನ್‌ನಿಂದ ನವೆಂಬರ್. ದಸರಾದಲ್ಲಿ ದಡದ ಬಂಡೆ ಮೇಲೆ ಕೂತು ಬುತ್ತಿ ಚಿತ್ರಾನ್ನ ತಿನ್ನುತ್ತಾ ನೋಡಿದ್ದೆವು. ಏಪ್ರಿಲ್‌ನಲ್ಲಿ ಬರೀ ನೀರು.

ವೈನ್ ವಿಷಯದಲ್ಲಿ ಎರಡು ಪ್ಲಾನ್‌ಗೂ ವ್ಯತ್ಯಾಸ ಇಲ್ಲ, ಆ ಊರುಗಳು ಎರಡರಲ್ಲೂ ಬರುತ್ತವೆ. ವ್ಯತ್ಯಾಸ ಇರುವುದು ಅಲ್ಲಿ ಹೇಗೆ ಸುತ್ತುತ್ತೀರಿ ಅನ್ನುವುದರಲ್ಲಿ. ಕಾರು ಓಡಿಸುವವನಿಗೆ ವೈನ್ ಊರು ಒಂದು ಥರ ಶಿಕ್ಷೆ. ಅಲ್ಲಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 0.05 ಗ್ರಾಂ. ನಮ್ಮ 0.03ಕ್ಕಿಂತ ಸಡಿಲ ಹೌದು, ಆದರೆ ಐದೈದು ಗುಟುಕಿನ ರುಚಿ ನೋಡುತ್ತಾ ಮೂರು ತೋಟ ಸುತ್ತಿದರೆ ಯಾರಿಗೆ ಲೆಕ್ಕ ಸಿಗುತ್ತದೆ? ಮೊದಲ ಸಲ ಸ್ಟೆಲೆನ್‌ಬಾಸ್‌ನಲ್ಲಿ ಹೆಂಡತಿ ರುಚಿ ನೋಡಿದಳು, ನಾನು ಮಗಳ ಜೊತೆ ದ್ರಾಕ್ಷಿ ಜ್ಯೂಸ್ ಕುಡಿದೆ. 1679ರಲ್ಲಿ ಶುರುವಾದ ಊರು, ಓಕ್ ಮರದ ಸಾಲು, ಬಿಳಿ ಗೋಡೆ, ಎಲ್ಲ ಚಂದ. ನನ್ನ ಮುಖ ಮಾತ್ರ ಚಂದ ಇರಲಿಲ್ಲ. ಎರಡನೇ ಸಲ ಬುದ್ಧಿ ಬಂದಿತ್ತು. ಫ್ರಾನ್ಸ್‌ಹುಕ್‌ನಲ್ಲಿ ಕಾರನ್ನು ಹೋಮ್‌ಸ್ಟೇಯಲ್ಲೇ ಬಿಟ್ಟು ವೈನ್ ಟ್ರಾಮ್ ಹತ್ತಿದೆವು. ತೋಟದಿಂದ ತೋಟಕ್ಕೆ ಇಳಿದು ಹತ್ತಬಹುದು. ಪಿನೊಟಾಜ್ ಕುಡಿಯಲೇಬೇಕು, ಅದು ಅಲ್ಲಿಯದೇ ತಳಿ. 1925ರಲ್ಲಿ ಸ್ಟೆಲೆನ್‌ಬಾಸ್‌ನ ಪ್ರೊಫೆಸರ್ ಅಬ್ರಹಾಂ ಪೆರೋಲ್ಡ್ ಎರಡು ದ್ರಾಕ್ಷಿಗಳನ್ನು ಕೂಡಿಸಿ ಹುಟ್ಟಿಸಿದ್ದು. ಸ್ವಲ್ಪ ಹೊಗೆ ವಾಸನೆ, ಮೊದಲ ಗುಟುಕಿಗೆ ಒಗ್ಗುವುದಿಲ್ಲ. ನಮ್ಮ ದೊಡ್ಡಬಳ್ಳಾಪುರದ ವೈನ್ ತೋಟಕ್ಕೂ ಹೋಗಿದ್ದೇನೆ, ಅಲ್ಲೂ ವೈನ್ ಚೆನ್ನಾಗಿತ್ತು. ಆದರೆ ಆಮೇಲೆ ಹೆಬ್ಬಾಳ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ನಿಂತರೆ ಯಾವ ವೈನೂ ಉಳಿಯುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಕಾಡಿನಲ್ಲಿ.

ಅಡ್ಡೋ ಶುರುವಾಗಿದ್ದು 1931ರಲ್ಲಿ, ಬೇಟೆಯಿಂದ ಉಳಿದಿದ್ದ 11 ಆನೆಗಳನ್ನು ಉಳಿಸಿಕೊಳ್ಳುವುದಕ್ಕೆ. ಈಗ 600ಕ್ಕೂ ಜಾಸ್ತಿ. ಮಲೇರಿಯಾ ಇಲ್ಲ, ಅಮ್ಮ ಮತ್ತು ಮಗು ಜೊತೆಗಿದ್ದಾಗ ನಾವು ಅದನ್ನು ಆರಿಸಿದ್ದೇ ಆ ಕಾರಣಕ್ಕೆ. ಗೇಟಿಗೆ ಹೋಗುವ ದಾರಿ ತುಂಬ ಕಿತ್ತಳೆ ತೋಟ. ಅಮ್ಮ ದಾರಿಬದಿಯಲ್ಲಿ ಒಂದು ಚೀಲ ಕೊಂಡರು, ಎರಡು ಕೆಜಿಗೂ ಜಾಸ್ತಿ. ಗೇಟಲ್ಲಿ ಸಿಬ್ಬಂದಿ ಮೊದಲು ಕೇಳಿದ್ದೇ "ಕಿತ್ತಳೆ, ನಿಂಬೆ ಏನಾದರೂ ಇದೆಯಾ?" ಹಿಂದೆ ಆನೆಗಳು ಬೇಲಿಯೊಳಗೇ ಇರಲಿ ಅಂತ ಅವಕ್ಕೆ ಕಿತ್ತಳೆ ಹಾಕುತ್ತಿದ್ದರಂತೆ. ಅವು ಎಷ್ಟು ಹುಚ್ಚು ಹಚ್ಚಿಕೊಂಡವು ಅಂದರೆ ವಾಸನೆ ಬಂದ ಕಾರಿನ ಮೇಲೆ ಬೀಳತೊಡಗಿದವು. ಆಮೇಲೆ ಪೂರ್ತಿ ನಿಷೇಧ.

"ಬಿಸಾಕ್ಬೇಕಾ? ದುಡ್ಡು ಕೊಟ್ಟು ತಂದಿದ್ದು ಕಣೋ" ಅಂದರು ಅಮ್ಮ.

"ಅತ್ತೆ, ತಿಂದು ಮುಗಿಸೋಣ ಬಿಡಿ" ಅಂದಳು ಹೆಂಡತಿ.

ಗೇಟಾಚೆ ಕಾರಿಗೆ ಒರಗಿಕೊಂಡು ನಾಲ್ಕೂ ಜನ ಅಷ್ಟೂ ಕಿತ್ತಳೆ ತಿಂದೆವು. ಕೈ ತೊಳೆದು, ಸಿಪ್ಪೆ ಅವರ ಡಬ್ಬಿಗೆ ಹಾಕಿ ಒಳಗೆ ಹೋಗುವಾಗ ನನಗೆ ಒಂದೇ ಯೋಚನೆ, ನಮ್ಮ ಬಾಯಿ ವಾಸನೆ ಆನೆಗೆ ಗೊತ್ತಾಗುತ್ತಾ ಅಂತ.

ಗೊತ್ತಾಗಲಿಲ್ಲ. ಹಾಪೂರ್ ಕೊಳದ ಹತ್ತಿರ ಎಂಜಿನ್ ಆರಿಸಿ ಒಂದು ಗಂಟೆ ಕೂತೆವು. ಕೆಂಪು ಮಣ್ಣು ಮೆತ್ತಿಕೊಂಡು ಬಂದ ಆನೆಗಳನ್ನು ಮಗಳು ನಲವತ್ತೊಂದರ ತನಕ ಎಣಿಸಿ ಬಿಟ್ಟಳು. ಇನ್ನೊಂದು ಮಜಾ ಅಂದರೆ ರಸ್ತೆ ಬೋರ್ಡು: ಸಗಣಿ ಹುಳುವಿಗೆ ದಾರಿ ಬಿಡಿ! ಹಾರಲಾರದ ಜಾತಿಯ ಹುಳು, ಆನೆ ಲದ್ದಿ ರಸ್ತೆ ಮೇಲೇ ಬಿದ್ದಿರುತ್ತದೆ, ಅದರಲ್ಲಿ ಹುಳು ಇರಬಹುದು, ಹಾಗಾಗಿ ಲದ್ದಿ ಮೇಲೂ ಕಾರು ಹತ್ತಿಸಬಾರದು. ಆದರೆ ಒಂದೂವರೆ ದಿನದಲ್ಲಿ ಮುಖ್ಯ ಭಾಗದ ರಸ್ತೆಗಳೆಲ್ಲ ಎರಡೆರಡು ಸಲ ಆದವು. ಸಿಂಹ ಇದೆ ಅನ್ನುತ್ತಾರೆ, ನಮಗೆ ಬಾಲವೂ ಕಾಣಲಿಲ್ಲ.

ಕ್ರೂಗರ್ ಲೆಕ್ಕವೇ ಬೇರೆ. ಉತ್ತರ ದಕ್ಷಿಣ ಸುಮಾರು 360 ಕಿಲೋಮೀಟರ್. ಬೆಂಗಳೂರಿಂದ ಹೊಸಪೇಟೆ ದಾಟುವ ತನಕ ಬರೀ ಕಾಡು ಅಂದುಕೊಳ್ಳಿ. ಬಂಡೀಪುರದಲ್ಲಿ ಸಫಾರಿ ಅಂದರೆ ಬಸ್ಸು ಅಥವಾ ಜೀಪು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಡ್ರೈವರ್ ಮರ್ಜಿ. ಇಲ್ಲಿ ನಮ್ಮದೇ ಕಾರು. ಟಾರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ದಾಟುವ ಹಾಗಿಲ್ಲ, ಕ್ಯಾಂಪ್ ಬಿಟ್ಟರೆ ಗುರುತು ಮಾಡಿದ ಜಾಗದಲ್ಲಿ ಮಾತ್ರ ಇಳಿಯಬಹುದು. ಮಿಕ್ಕಿದ್ದೆಲ್ಲ ನಿಮ್ಮಿಷ್ಟ.

ಮೊದಲ ದಿನ ಬೆಳಗ್ಗೆ ಆರಕ್ಕೆ ಗೇಟು ತೆರೆದ ಕೂಡಲೇ ಹೊರಟು ಮೂರು ಗಂಟೆ ಸುತ್ತಿದೆವು. ಇಂಪಾಲ ಜಿಂಕೆ ಬಿಟ್ಟು ಏನೂ ಇಲ್ಲ. ಮಳೆಗಾಲ ಆಗಷ್ಟೇ ಮುಗಿದಿತ್ತು, ಹುಲ್ಲು ಕಿಟಕಿ ಎತ್ತರ. ಮಧ್ಯಾಹ್ನ ಲೋಯರ್ ಸಾಬಿ ಕ್ಯಾಂಪಿನ ವರಾಂಡದಲ್ಲಿ ಅವಲಕ್ಕಿ ಕಲಸುತ್ತಿದ್ದಾಗ ಒಂದು ಕೋತಿ ಬಂದು ಕೋಡುಬಳೆ ಪೊಟ್ಟಣ ಎತ್ತಿಕೊಂಡು ಹೋಯಿತು. ಅಲ್ಲಿ ಫ್ರಿಜ್‌ಗೂ ಯಾಕೆ ಪಂಜರ ಹಾಕಿರುತ್ತಾರೆ ಅಂತ ಆಗ ಗೊತ್ತಾಯಿತು.

ಸಂಜೆ ಸ್ಕುಕೂಜಾ ಕ್ಯಾಂಪ್ ಕಡೆಯಿಂದ ನದಿ ದಂಡೆ ರಸ್ತೆಯಲ್ಲಿ ವಾಪಸ್ ಬರುತ್ತಿದ್ದೆವು. ಈ ರಸ್ತೆ ಸುಮಾರು 45 ಕಿಲೋಮೀಟರ್. ಕ್ಯಾಂಪ್ ಗೇಟು ಆರಕ್ಕೆ ಮುಚ್ಚುತ್ತದೆ, ತಡವಾದರೆ ದಂಡ. ಐದು ಗಂಟೆಗೆ ಅರ್ಧ ದಾರಿಯಲ್ಲಿ ಒಂದು ಸಲಗ ರಸ್ತೆ ಮಧ್ಯೆ ನಿಂತಿತ್ತು. ಹಿಂದೆ ಸರಿದೆ. ಅದು ನಾಲ್ಕು ಹೆಜ್ಜೆ ಮುಂದೆ ಬಂತು. ಇನ್ನಷ್ಟು ಸರಿದೆ. "ರೀ, ಲೈಟ್ ಹಾಕ್ಬೇಡಿ, ಉಸಿರೂ ಬಿಡ್ಬೇಡಿ" ಅಂತ ಪಕ್ಕದಿಂದ ಪಿಸುಮಾತು. ಆನೆ ಒಂದು ಕೊಂಬೆ ಮುರಿದು, ನಿಧಾನಕ್ಕೆ ತೊಗಟೆ ಸುಲಿದು, ಪೂರ್ತಿ ತಿಂದಿತು. 25 ನಿಮಿಷ. ಆಮೇಲೆ ನಾವು ಇಲ್ಲವೇ ಇಲ್ಲ ಅನ್ನುವ ಹಾಗೆ ಪೊದೆಗೆ ನುಗ್ಗಿತು. ವೇಗ ಜಾಸ್ತಿ ಮಾಡುವ ಹಾಗಿಲ್ಲ, ಗಡಿಯಾರ ಓಡುತ್ತಿದೆ. ಆ ಗಡಿಬಿಡಿಯಲ್ಲೇ ಬಲಗಡೆ ಬಂಡೆ ಮೇಲೆ ಚಿರತೆ. ನಿಲ್ಲಿಸಿದೆವು, ಒಂದು ನಿಮಿಷ, ಫೋಟೋ ಕೂಡ ಬರಲಿಲ್ಲ. ಗೇಟು ತಲುಪಿದಾಗ 5.56.

ಅಡ್ಡೋದಲ್ಲಿ ಇಂಥ ಸಂಜೆ ಇಲ್ಲ. ಕಾಡು ನೋಡುವುದೇ ಮುಖ್ಯ ಅನ್ನುವವರಿಗೆ ಕ್ರೂಗರ್, ಎರಡನೇ ಮಾತೇ ಇಲ್ಲ. ನಾಲ್ಕು ರಾತ್ರಿಗಿಂತ ಕಡಿಮೆ ಮಾತ್ರ ಬೇಡ. ಆದರೆ ಮಲೇರಿಯಾ ಮಾತ್ರೆ ಬೇಕು. ನಮಗೆ ಡಾಕ್ಟರ್ ಬರೆದುಕೊಟ್ಟಿದ್ದನ್ನು ಹೋಗುವ ಮುಂಚೆಯೇ ಶುರು ಮಾಡಿ, ಬಂದ ಮೇಲೂ ಒಂದು ವಾರ ನುಂಗಬೇಕಿತ್ತು. ಖರ್ಚೂ ಜಾಸ್ತಿ, ಒಳಗಿನ ವಿಮಾನ, ಎರಡನೇ ಕಾರು. ಮೊದಲ ಪ್ಲಾನ್‌ನಲ್ಲಿ ಕಾರನ್ನು ಬೇರೆ ಊರಲ್ಲಿ ಬಿಟ್ಟಿದ್ದಕ್ಕೆ ದುಡ್ಡು ಹಾಕಿದ್ದರು, ಆದರೂ ಅಷ್ಟಾಗಲಿಲ್ಲ. ಜೊತೆಗೆ ಜಲ್ಲಿ ರಸ್ತೆಯಲ್ಲಿ ಕಲ್ಲು ಸಿಡಿದು ಮುಂದಿನ ಗಾಜಿಗೆ ಕಡಲೆ ಗಾತ್ರದ ಗುರುತು ಬಿದ್ದಿತ್ತು. ಗಾಜು, ಟೈರು ವಿಮೆಯಲ್ಲಿ ಇಲ್ಲ ಅಂತ ಬಾಡಿಗೆ ಕಂಪನಿಯವರು ಆಮೇಲೆ ಹೇಳಿದರು. ಕೌಂಟರ್‌ನಲ್ಲೇ ಕೇಳಿಕೊಳ್ಳಿ, ಸಣ್ಣ ಅಕ್ಷರ ನಾನೂ ಓದಿರಲಿಲ್ಲ.

ಇನ್ನು ಮೂರನೇ ದಾರಿ ಅಂತ ಕೆಲವರು ಹೇಳುವುದು ಕೇಪ್ ಟೌನ್‌ನಿಂದ ಎರಡು ಗಂಟೆ ದೂರದ ಖಾಸಗಿ ಕಾಡುಗಳು. ಒಂದಕ್ಕೆ ಅರ್ಧ ದಿನ ಹೋಗಿದ್ದೆವು. ಬನ್ನೇರುಘಟ್ಟ ನೋಡಿದವರಿಗೆ ಬೇಕಿಲ್ಲ.

ನಾವು ಎಡವಿದ್ದು ತಿಂಗಳಲ್ಲಿ. ಕೇಪ್ ಟೌನ್ ಕಡೆ ಮಳೆ ಜೂನ್‌ನಿಂದ ಆಗಸ್ಟ್, ಕ್ರೂಗರ್‌ನಲ್ಲಿ ಅದೇ ಒಣ ಕಾಲ, ಹುಲ್ಲು ಬಾಡಿ ಪ್ರಾಣಿ ಚೆನ್ನಾಗಿ ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ಪೂರ್ತಿ ಉಲ್ಟಾ. ಎರಡೂ ಕಡೆ ಸುಮಾರಾಗಿ ಹೊಂದುವುದು ಸೆಪ್ಟೆಂಬರ್, ಅಕ್ಟೋಬರ್. ಅಂದರೆ ಸರಿಯಾಗಿ ನಮ್ಮ ದಸರಾ ರಜೆ. ಆಗ ಹರ್ಮಾನಸ್‌ನಲ್ಲಿ ತಿಮಿಂಗಿಲವೂ ಇರುತ್ತದೆ, ಕ್ರೂಗರ್‌ನಲ್ಲಿ ಸೊಳ್ಳೆಯೂ ಕಡಿಮೆ. ದಸರಾದಲ್ಲಿ ಕ್ರೂಗರ್, ಬೇಸಿಗೆ ರಜೆಯಲ್ಲಿ ಗಾರ್ಡನ್ ರೂಟ್ ಮಾಡಬೇಕಿತ್ತು. ನಾವು ಮಾಡಿದ್ದು ತಿರುಗಾಮುರುಗಾ.

ಅಮ್ಮನ ಓಟು ಈಗಲೂ ಅಡ್ಡೋಗೆ. ಚಿರತೆ ಕಥೆ ಕೇಳಿದ ಮಗಳು ಮಾತ್ರ ನಮ್ಮನ್ನು ಬಿಟ್ಟು ಹೋದಿರಿ ಅಂತ ಮೂರು ದಿನ ಮುಖ ಊದಿಸಿಕೊಂಡಿದ್ದಳು. ಕ್ರೂಗರ್ ಕ್ಯಾಂಪಿನ ಕೋಣೆಗಳ ಬುಕಿಂಗ್ ಹನ್ನೊಂದು ತಿಂಗಳು ಮುಂಚೆ ತೆರೆಯುತ್ತದೆ. ಮುಂದಿನ ದಸರಾಕ್ಕೆ ಲೋಯರ್ ಸಾಬಿಯಲ್ಲಿ ನದಿ ಕಡೆ ಮುಖ ಮಾಡಿದ ಎರಡು ಕೋಣೆ ಹಿಡಿದಾಗಿದೆ. ಒಂದರಲ್ಲಿ ಅಜ್ಜಿ, ಮೊಮ್ಮಗಳು. ಮಾತ್ರೆ ನುಂಗುವುದಕ್ಕೆ ಅಮ್ಮ ಇನ್ನೂ ಒಪ್ಪಿಲ್ಲ.