ಆಯಿಲ್ ಬದಲಿಸೋದು ಎಲ್ಲಿ: ಮನೆ, ಗ್ಯಾರೇಜ್, ಕಂಪನಿ ಸರ್ವಿಸ್?

ಸಣ್ಣ ಪೆಟ್ರೋಲ್ ಕಾರು, ಮನೆ ಮುಂದೆ ಜಾಗ ಇದೆ, ಎಂಜಿನ್ ಆಯಿಲ್ ನಾನೇ ಬದಲಿಸಲಾ ಅಂತ ಕೇಳಿದ್ದೀರಿ. ಮೊದಲು ವಾರಂಟಿ ನೋಡಿ. ಇನ್ನೂ ಇದ್ದರೆ ಕಂಪನಿ ಸರ್ವಿಸ್ ಸೆಂಟರೇ ಸರಿ. ಬಿಲ್ ಜಾಸ್ತಿ, ಆದರೆ ದಾಖಲೆ ಉಳಿಯುತ್ತದೆ.

ವಾರಂಟಿ ಮುಗಿದಿದ್ದರೆ ಮನೆಯಲ್ಲೇ ಮಾಡಿ ಕೂಲಿ ಉಳಿಸಬಹುದು. 3ರಿಂದ 4 ಲೀಟರ್ ಆಯಿಲ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿಗೆ (ಹಳೇ ಆಯಿಲ್ ಇಳಿಸಲು ಕೆಳಗಡೆ ಬಿಚ್ಚುವ ಬೋಲ್ಟು) ಒಂದು ಹೊಸ ವಾಷರ್ ಬೇಕು. ಮೊದಲ ಸಲ ಸ್ಪ್ಯಾನರ್, ಎತ್ತಿದ ಕಾರನ್ನು ಹೊತ್ತು ನಿಲ್ಲೋ ಜ್ಯಾಕ್ ಸ್ಟ್ಯಾಂಡ್, ಹಳೇ ಆಯಿಲ್ ಹಿಡಿಯೋ ಟ್ರೇ ಕೂಡ ಕೊಳ್ಳಬೇಕಲ್ವಾ? ಆ ದುಡ್ಡು ಒಂದೇ ಸರ್ವಿಸಿಗೆ ಹುಟ್ಟೋದಿಲ್ಲ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತೂರಲೇಬೇಡಿ. ನಾನು ಮೊದಲ ಸಲ ಬೋಲ್ಟನ್ನು ಸುಮ್ನೆ ಜೋರಾಗಿ ಬಿಗಿದು ಥ್ರೆಡ್ ಹಾಳು ಮಾಡಿಕೊಂಡೆ. ಉಳಿಸಿದ್ದಕ್ಕಿಂತ ಹೆಚ್ಚೇ ಹೋಯಿತು!

ಅಪಾರ್ಟ್‌ಮೆಂಟಿನವರಿಗೆ ಓಣಿ ಗ್ಯಾರೇಜ್ ಹಗುರ. ಮ್ಯಾನ್ಯುವಲ್‌ನಲ್ಲಿ ಹೇಳಿದ ಗ್ರೇಡಿನ ಆಯಿಲ್ ನೀವೇ ಕೊಂಡುಹೋಗಿ, ಸೀಲ್ ಒಡೆಯುವಾಗ ಪಕ್ಕದಲ್ಲೇ ನಿಲ್ಲಿ. ಹಳೇ ಆಯಿಲ್ ಎಲ್ಲಿ ಹಾಕೋದು ಅನ್ನೋ ತಲೆನೋವೂ ಇಲ್ಲ. ಮನೆಯಲ್ಲಿ ಮಾಡಿದರೆ ಅದನ್ನು ಚರಂಡಿಗೆ ಸುರಿಯದೆ ಡಬ್ಬಿಗೆ ತುಂಬಿ ಗ್ಯಾರೇಜಿಗೇ ಕೊಡಬೇಕು.

ಏರ್ ಫಿಲ್ಟರ್, ವೈಪರಿಗೆ ಮಾತ್ರ ಯಾರ ಹತ್ತಿರವೂ ಹೋಗಬೇಕಿಲ್ಲ. ತುಂಬಾ ಕಾರುಗಳಲ್ಲಿ ಎರಡು ಮೂರು ಕ್ಲಿಪ್ ಎಬ್ಬಿಸಿದರೆ ಫಿಲ್ಟರ್ ಡಬ್ಬಿ ಬಾಯಿ ಬಿಡುತ್ತದೆ. ಒಳಗೆ ಧೂಳು ಕುಡಿದು ಕಪ್ಪಾದ ಫಿಲ್ಟರಿನ ಮಡಿಕೆಗಳು, ಒಮ್ಮೊಮ್ಮೆ ಒಣಗಿದ ಎಲೆಯೂ ಸಿಗುತ್ತದೆ.