ಗಿಡದ ಲೈಟಿಗೆ ಕರೆಂಟ್ ಬಿಲ್ ಎಷ್ಟು? ಎಲ್‌ಇಡಿನಾ, ಟಿ5 ಟ್ಯೂಬಾ?

ಬಿಸಿಲು ಬೀಳದ ಫ್ಲಾಟಿನಲ್ಲಿ ಕೊತ್ತಂಬರಿ, ಪುದೀನ ಬೆಳೆಸಬೇಕು ಅಂದರೆ ಲೈಟ್ ಬೇಕೇ ಬೇಕು. ಲೆಕ್ಕ ಸುಲಭ: ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ, 1000ದಿಂದ ಭಾಗಿಸಿ. ಬಂದದ್ದೇ ಯೂನಿಟ್. ದಿನಕ್ಕೆ 14 ಗಂಟೆ, ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿಯೋಣ. ನಿಮ್ಮ ಬಿಲ್ಲಿನ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಟಿ5 ಅಂದರೆ ತೆಳ್ಳಗಿನ ಟ್ಯೂಬ್‌ಲೈಟ್. 54 ವ್ಯಾಟಿನ ಟಿ5 ಟ್ಯೂಬ್ ಎರಡು ಹಾಕಿದರೆ ಒಟ್ಟು 108 ವ್ಯಾಟ್. ತಿಂಗಳಿಗೆ ಸುಮಾರು 45 ಯೂನಿಟ್, ಅಂದರೆ 317 ರೂಪಾಯಿ. ಚೋಕ್ ತಿನ್ನುವ ಕರೆಂಟ್ ಬೇರೆ. ಹೆಚ್ಚುಕಮ್ಮಿ ಅಷ್ಟೇ ಬೆಳಕನ್ನು ಒಳ್ಳೆಯ ಎಲ್‌ಇಡಿ 60 ವ್ಯಾಟಿನಲ್ಲೇ ಕೊಡುತ್ತದೆ: 25 ಯೂನಿಟ್, 176 ರೂಪಾಯಿ.

ಆದರೆ ಎಲ್‌ಇಡಿ ಕೊಳ್ಳುವಾಗ ಹುಷಾರು. ಡಬ್ಬದ ಮೇಲೆ ದೊಡ್ಡದಾಗಿ ‘1000 ವ್ಯಾಟ್’ ಅಂತ ಇರುತ್ತದೆ, ಅದು ಸುಮ್ನೆ ಜಾಹೀರಾತು. ಹಿಂದೆ ಸಣ್ಣ ಅಕ್ಷರದಲ್ಲಿ ಇರುವ, ನಿಜವಾಗಿ ಎಳೆಯುವ ವ್ಯಾಟನ್ನೇ ಲೆಕ್ಕಕ್ಕೆ ಹಿಡಿಯಿರಿ. ನಂಬಿಕೆ ಬರಲಿಲ್ಲವೇ? ಪ್ಲಗ್ಗಿಗೆ ಸಿಕ್ಕಿಸುವ ಪವರ್ ಮೀಟರ್ ಸಿಗುತ್ತದೆ.

ಕರ್ನಾಟಕದಲ್ಲಿ ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ಇರುವವರು ಇನ್ನೊಂದು ನೋಡಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 170 ಸುಡುವ ಮನೆಗೆ ಟಿ5 ದುಬಾರಿ, ಎಲ್‌ಇಡಿ ಆದರೆ ಪೂರ್ತಿ ಬಿಲ್ಲಿನಿಂದ ಅಂಚಿನಲ್ಲಿ ಪಾರು.

ಮನೆಯಲ್ಲಿ ಹಳೆ ಟಿ5 ಬಿದ್ದಿದೆಯೇ? ಎರಡು ತಟ್ಟೆ ಮೆಂತ್ಯ ಸೊಪ್ಪಿಗೆ ಅದೇ ಸಾಕು. ಹೊಸದಾಗಿ ಕೊಳ್ಳುವವರಿಗೆ ಎಲ್‌ಇಡಿಯೇ ಸರಿ. ಜೊತೆಗೊಂದು ಟೈಮರ್ ತನ್ನಿ, ರಾತ್ರಿ ಆರಿಸಲು ಮರೆಯುವುದೇ ಜಾಸ್ತಿ ಅಲ್ವಾ?